ಹಳೆಯ ಯಂತ್ರದ ಮಾತು ಬಲ್ಲ ಕೋಡನ್ನು ಅಳಿಸಬೇಡಿ, ಬೇಲಿಯೊಳಗಿಡಿ

ಇವರಿಗೆ,
ಕರ್ನಾಟಕ ಸರ್ಕಾರದ ಇ-ಆಡಳಿತ ಇಲಾಖೆ ಹಾಗೂ ಕಂಪ್ಯೂಟರ್, ಕಾಪಿಯರ್, ನೆಟ್‌ವರ್ಕ್ ಖರೀದಿಗೆ ಸಹಿ ಹಾಕುವ ಎಲ್ಲ ಸಾರ್ವಜನಿಕ ಸಂಸ್ಥೆಗಳ ಅಧಿಕಾರಿಗಳು

ವಿಷಯ: ಹಳೆಯ ಕಡತ ವರ್ಗಾವಣೆ ಪ್ರೊಟೊಕಾಲ್‌ಗಳಿಗೆ ಮುಕ್ತ ತಂತ್ರಾಂಶದ ಬೆಂಬಲ ಉಳಿಸಿಕೊಳ್ಳುವ ಬಗ್ಗೆ

ಮಾನ್ಯರೆ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಚೇರಿಗಳು ಒಂದೊಂದಾಗಿ ವಿಂಡೋಸ್ 11ಕ್ಕೆ ಹೋಗುತ್ತಿವೆ. ಹೋದ ಮರುದಿನ ಬರುವ ದೂರು ಹೆಚ್ಚುಕಮ್ಮಿ ಒಂದೇ: ‘ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬರ್ತಾ ಇಲ್ಲ.’ ಕಾಪಿಯರ್ ಸರಿಯಿದೆ, ಕೇಬಲ್ ಸರಿಯಿದೆ, ಪಾಸ್‌ವರ್ಡ್ ಬದಲಾಗಿಲ್ಲ. ಯಂತ್ರದ ಪರದೆಯ ಮೇಲೆ ಮಾತ್ರ ‘ಸಂಪರ್ಕ ವಿಫಲ’ ಎಂಬ ಎರಡು ಪದ.

ಹತ್ತು ಹನ್ನೆರಡು ವರ್ಷ ಹಳೆಯ ಎಷ್ಟೋ ಕಾಪಿಯರ್‌ಗಳು ಫೋಲ್ಡರಿಗೆ ಕಡತ ಕಳಿಸಲು ಬಳಸುವುದು ಎಸ್‌ಎಂಬಿ ಪ್ರೊಟೊಕಾಲಿನ, ಅಂದರೆ ಜಾಲದಲ್ಲಿ ಕಡತ ಹಂಚಿಕೊಳ್ಳಲು ಯಂತ್ರಗಳು ಆಡುವ ಮಾತಿನ, ಮೊದಲ ಆವೃತ್ತಿಯನ್ನು. ವಿಂಡೋಸ್ 10ರ 1709 ಆವೃತ್ತಿಯಿಂದಲೇ, ಅಂದರೆ 2017ರ ಅಕ್ಟೋಬರಿನಿಂದ, ಹೊಸದಾಗಿ ಅನುಸ್ಥಾಪಿಸಿದ ಗಣಕಗಳಲ್ಲಿ ಅದರ ಸರ್ವರ್ ಭಾಗ ಇರುವುದಿಲ್ಲ. ವಿಂಡೋಸ್ 11ರ 24ಎಚ್2 ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರೊ, ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕೆಂದು ಅದು ಕೇಳುತ್ತದೆ, ಅತಿಥಿ ಖಾತೆಯ ಸಂಪರ್ಕಕ್ಕೂ ಒಪ್ಪುವುದಿಲ್ಲ. ಎರಡನೇ ಆವೃತ್ತಿ ಬಲ್ಲ ಕಾಪಿಯರ್ ಕೂಡ ಸಹಿ ಹಾಕಲು ಬಾರದಿದ್ದರೆ ಇಲ್ಲಿ ಮುಗ್ಗರಿಸುತ್ತದೆ.

ಈ ಬಿಗಿ ತಪ್ಪೆಂದು ನಾವು ಹೇಳುತ್ತಿಲ್ಲ. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಗಣಕದಿಂದ ಗಣಕಕ್ಕೆ ಹಾರಿದ್ದು ಎಸ್‌ಎಂಬಿ ಮೊದಲ ಆವೃತ್ತಿಯ ದೋಷ ಹಿಡಿದೇ. ಆ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಆತಂಕ ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ನಾಳೆ ಬೆಳಿಗ್ಗೆ ಕಡತ ಮೇಲಧಿಕಾರಿಯ ಮೇಜಿಗೆ ಹೋಗಲೇಬೇಕು. ಆಗ ಯಾರೋ ಒಬ್ಬರು ವಿಂಡೋಸ್ ಫೀಚರ್ಸ್ ಪಟ್ಟಿ ತೆರೆದು ಎಸ್‌ಎಂಬಿ 1ರ ಮುಂದೆ ಗುರುತು ಹಾಕುತ್ತಾರೆ. ಇನ್ನೊಬ್ಬರು ಫೈರ್‌ವಾಲ್ ಪೂರ್ತಿ ಆರಿಸುತ್ತಾರೆ. ಮತ್ತೊಬ್ಬರು ಪೆನ್‌ಡ್ರೈವ್ ಹಿಡಿದು ಓಡಾಡುತ್ತಾರೆ, ಇಲ್ಲವೇ ನಾಗರಿಕರ ಆಧಾರ್ ಪ್ರತಿಯನ್ನು ಫೋನಿನಲ್ಲಿ ಫೋಟೊ ತೆಗೆದು ಸ್ವಂತ ವಾಟ್ಸಾಪ್‌ನಿಂದ ಕಳಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಕೆಲಸ ನಿಲ್ಲಿಸಲಾಗದವರಿಗೆ ಸುರಕ್ಷಿತ ದಾರಿಯನ್ನು ಯಾರೂ ತೋರಿಸಿಲ್ಲ.

ಆ ದಾರಿ ಇದೆ. ಅದನ್ನು ಕಟ್ಟಿಟ್ಟಿರುವುದು ಮುಕ್ತ ತಂತ್ರಾಂಶ. ಹಳೆಯ ಪ್ರೊಟೊಕಾಲಿನ ಕೋಡ್ ಜೀವಂತವಾಗಿರಬೇಕು, ತಾನಾಗಿ ಚಾಲೂ ಆಗಬಾರದು, ಬೇಕೆಂದು ಕೇಳಿದ ಒಂದು ಯಂತ್ರಕ್ಕೆ ಮಾತ್ರ ತೆರೆಯಬೇಕು, ಆ ಯಂತ್ರ ಬೇಲಿಯೊಳಗಿರಬೇಕು. ಇದಿಷ್ಟನ್ನು ಇಲಾಖೆ ನೀತಿಯಾಗಿ ಒಪ್ಪಿಕೊಳ್ಳಲಿ, ಆ ಕೋಡನ್ನು ಕಾಯುವವರಿಗೆ ಹಣವನ್ನೂ ಸಾಮಗ್ರಿಯನ್ನೂ ಕೊಡಲಿ ಎಂಬುದು ನಮ್ಮ ಕೋರಿಕೆ.

ಇದಕ್ಕೆ ಒಳ್ಳೆಯ ಮಾದರಿ ಓಪನ್‌ಎಸ್‌ಎಸ್‌ಎಚ್, ದೂರದ ಗಣಕಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಮುಕ್ತ ತಂತ್ರಾಂಶ. 2015ರ 7.0 ಆವೃತ್ತಿಯಲ್ಲಿ ಅವರು ಡಿಎಸ್‌ಎ ಎಂಬ ಹಳೆಯ ಬಗೆಯ ಕೀಲಿಯನ್ನು ತಾನಾಗಿ ಬಳಸುವುದನ್ನು ನಿಲ್ಲಿಸಿದರು, ಕೋಡ್ ಉಳಿಸಿದರು. 2021ರ 8.8ರಲ್ಲಿ ಎಸ್‌ಎಚ್‌ಎ-1 ಆಧಾರಿತ ಆರ್‌ಎಸ್‌ಎ ಸಹಿಗೂ ಹಾಗೇ ಮಾಡಿದರು. ಹಳೆಯ ಸ್ವಿಚ್ಚಿಗೆ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೇಲೆ ಕಡತ ಕಳಿಸುವ ವಿಧಾನ) ಮಾಡಲು ಹೋದರೆ ‘ಹೊಂದುವ ಹೋಸ್ಟ್ ಕೀಲಿ ಸಿಗಲಿಲ್ಲ, ಆ ಬದಿಯವರು ಕೊಡುತ್ತಿರುವುದು ಎಸ್‌ಎಸ್‌ಎಚ್-ಆರ್‌ಎಸ್‌ಎ’ ಎಂಬರ್ಥದ ಸಂದೇಶ ಬರುತ್ತದೆ. ಇಂಥಲ್ಲಿ ಕ್ಲೈಂಟಿನ ಕಾನ್ಫಿಗ್ ಕಡತದಲ್ಲಿ ಆ ಒಂದು ಹೋಸ್ಟಿನ ಹೆಸರು ಬರೆದು, ಅದರ ಕೆಳಗೆ ಮಾತ್ರ ಹೋಸ್ಟ್ ಕೀ ಅಲ್ಗಾರಿದಮ್ಸ್ ಸಾಲಿಗೆ ಕೂಡು ಚಿಹ್ನೆಯೊಡನೆ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಬೇಕು. ಕೂಡು ಚಿಹ್ನೆ ಮರೆತರೆ ಇರುವ ಪಟ್ಟಿಯೇ ಅಳಿದು ಹಳೆಯದೊಂದೇ ಉಳಿಯುತ್ತದೆ. ಹೋಸ್ಟ್ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಇಡೀ ಗಣಕ ಸಡಿಲವಾಗುತ್ತದೆ. ಈ ಎರಡೂ ತಪ್ಪು ನೋಡಲು ಸಿಗುತ್ತವೆ.

2022ರ 9.0ರಲ್ಲಿ ಕಡತ ನಕಲಿಸುವ ಎಸ್‌ಸಿಪಿ ಆಜ್ಞೆಯೇ ಒಳಗೊಳಗೆ ಎಸ್‌ಎಫ್‌ಟಿಪಿಗೆ ಬದಲಾಯಿತು. ಎಸ್‌ಎಫ್‌ಟಿಪಿ ಇಲ್ಲದ ಹಳೆಯ ರೂಟರಿಗೆ ಕಡತ ಕಳಿಸಲು ಈಗ ದೊಡ್ಡಕ್ಷರದ ‘ಓ’ ಆಯ್ಕೆ ಕೊಡಬೇಕು. ಒಂದೇ ಅಕ್ಷರದ ಆಯ್ಕೆ, ಆದರೆ ಅದು ಗೊತ್ತಿಲ್ಲದೆ ‘ರೂಟರ್ ಕೆಟ್ಟಿದೆ’ ಎಂದು ಬರೆದು ಹೊಸದಕ್ಕೆ ಟೆಂಡರ್ ಕರೆಯಬಹುದು. ಡಿಎಸ್‌ಎ ಕೊನೆಗೂ 2025ರ ಏಪ್ರಿಲ್‌ನ 10.0ರಲ್ಲಿ ಪೂರ್ತಿ ಹೋಯಿತು. ಮೊದಲ ಎಚ್ಚರಿಕೆಗೂ ಅಳಿಸುವಿಕೆಗೂ ನಡುವೆ ಹತ್ತು ವರ್ಷ ಸಿಕ್ಕಿತು. ಅದರ ನಂತರವೂ ಡೆಬಿಯನ್ ಲಿನಕ್ಸ್ ಬಳಸುವವರಿಗೆ ದಾರಿಯಿದೆ: 7.5 ಆವೃತ್ತಿಯ ಕ್ಲೈಂಟನ್ನು ಬೇರೆ ಹೆಸರಿನಲ್ಲಿ, ಬೇರೆ ಪ್ಯಾಕೇಜಾಗಿ ಅವರು ಇಟ್ಟಿದ್ದಾರೆ. ಹಳೆಯದು ಬೇಕಾದವರು ಹೆಸರು ಹಿಡಿದು ಕರೆಯಬೇಕು, ಉಳಿದವರ ಗಣಕಕ್ಕೆ ಅದು ಬರುವುದೇ ಇಲ್ಲ. ಬೇಲಿ ಎಂದು ನಾವು ಹೇಳುತ್ತಿರುವುದು ಇಂಥದ್ದನ್ನು.

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ಹಳೆಯ ಮ್ಯಾಕ್ ಗಣಕಗಳ ಜೊತೆ ಮಾತಾಡುವ ನೆಟಾಟಾಕ್ ಎಂಬ ಮುಕ್ತ ತಂತ್ರಾಂಶ 2012ರ 3.0 ಆವೃತ್ತಿಯಲ್ಲಿ ಆ ಮ್ಯಾಕ್‌ಗಳ ಜಾಲದ ಮಾತಾದ ಆಪಲ್‌ಟಾಕ್ ಭಾಗವನ್ನು ಕಿತ್ತುಹಾಕಿತು. ಬೇಕಾದವರು ಹಳೆಯ 2.2 ಶಾಖೆಗೇ ಅಂಟಿಕೊಂಡರು. 2024ರ 4.0ರಲ್ಲಿ ಅದೇ ಭಾಗವನ್ನು ಮರಳಿ ತರಬೇಕಾಯಿತು. ಹನ್ನೆರಡು ವರ್ಷ ಮುಖ್ಯ ಶಾಖೆಯ ಹೊರಗಿದ್ದ ಕೋಡನ್ನು ಇಂದಿನ ಕಂಪೈಲರಿಗೆ ಒಗ್ಗಿಸುವುದು, ಪ್ರತಿವರ್ಷ ಸ್ವಲ್ಪಸ್ವಲ್ಪ ನೋಡಿಕೊಳ್ಳುವುದಕ್ಕಿಂತ ಬಹಳ ಹೆಚ್ಚು ದುಡಿಮೆ ಬೇಡುತ್ತದೆ.

ಕಡತ ಕಳಿಸುವ ಇನ್ನೊಂದು ಹಳೆಯ ಪ್ರೊಟೊಕಾಲಾದ ಎಫ್‌ಟಿಪಿಯ ವಿಷಯಕ್ಕೆ ಬರುತ್ತೇವೆ. 1971ರ ಏಪ್ರಿಲ್‌ನಲ್ಲಿ ಅದರ ಮೊದಲ ಕರಡನ್ನು, ಆರ್‌ಎಫ್‌ಸಿ (ಜಾಲದ ನಿಯಮಗಳ ದಾಖಲೆ) 114ನ್ನು ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಇಂದಿಗೂ ಯಂತ್ರಗಳು ಅನುಸರಿಸುವುದು 1985ರ ಆರ್‌ಎಫ್‌ಸಿ 959ನ್ನು. 2021ರಲ್ಲಿ ಫೈರ್‌ಫಾಕ್ಸ್ 90, ಕ್ರೋಮ್ 95 ಎರಡೂ ಎಫ್‌ಟಿಪಿಯನ್ನು ಬ್ರೌಸರಿನಿಂದ ತೆಗೆದವು. ಹೆಸರು, ಗುಪ್ತಪದ ಎರಡನ್ನೂ ಮರೆಮಾಚದೆ ತಂತಿಯ ಮೇಲೆ ಕಳಿಸುವ ಪ್ರೊಟೊಕಾಲ್ ಬ್ರೌಸರಿನಲ್ಲಿ ಇರಬಾರದಿತ್ತು ಎಂಬುದು ಸರಿ. ಆದರೆ ‘ಎಫ್‌ಟಿಪಿ ಸತ್ತಿದೆ’ ಎಂಬ ಮಾತು ಅಲ್ಲಿಂದ ಹರಡಿತು, ಅದು ಸುಳ್ಳು. ಕಾಪಿಯರ್, ಲ್ಯಾಬಿನ ಉಪಕರಣ, ಸಿಸಿಟಿವಿ ರೆಕಾರ್ಡರ್, ಲೋಹ ಕಡೆಯುವ ಸಿಎನ್‌ಸಿ ಯಂತ್ರ ಇವುಗಳೊಳಗೆ ಅದು ದಿನವಿಡೀ ಓಡುತ್ತಿದೆ.

ಎಫ್‌ಟಿಪಿ ಕೈಕೊಡುವ ರೀತಿ ಗೊತ್ತಿದ್ದರೆ ಅರ್ಧ ದೂರುಗಳು ಅಲ್ಲೇ ಬಗೆಹರಿಯುತ್ತವೆ. ಇದರಲ್ಲಿ ಎರಡು ಸಂಪರ್ಕಗಳಿರುತ್ತವೆ: 21ನೇ ಪೋರ್ಟಿನಲ್ಲಿ ಆಜ್ಞೆ, ಇನ್ನೊಂದು ಪೋರ್ಟಿನಲ್ಲಿ ಕಡತ. ಪ್ಯಾಸಿವ್ ವಿಧಾನದಲ್ಲಿ ಆ ಇನ್ನೊಂದು ಪೋರ್ಟನ್ನು ಸರ್ವರ್ 227 ಸಂಖ್ಯೆಯ ಉತ್ತರದಲ್ಲಿ ಹೇಳುತ್ತದೆ. ಉದಾಹರಣೆಗೆ 192,168,50,1,195,80 ಎಂದು ಬಂದರೆ ಮೊದಲ ನಾಲ್ಕು ಅಂಕಿ ವಿಳಾಸ, ಕೊನೆಯ ಎರಡು ಪೋರ್ಟ್. 195ನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. ಲಾಗಿನ್ ಆಗುತ್ತದೆ, ಪಟ್ಟಿ ಕೇಳಿದೊಡನೆ ಎಲ್ಲವೂ ನಿಂತುಬಿಡುತ್ತದೆ ಎಂದರೆ ಆಜ್ಞೆಯ ದಾರಿ ತೆರೆದಿದೆ, ಕಡತದ ದಾರಿ ಮುಚ್ಚಿದೆ ಎಂದರ್ಥ. ಲಿನಕ್ಸ್ ಫೈರ್‌ವಾಲಿನಲ್ಲಿ ಇದಕ್ಕೆ ಸಾಮಾನ್ಯ ಕಾರಣವೊಂದಿದೆ. ಎಫ್‌ಟಿಪಿ ಮಾತುಕತೆಯನ್ನು ಓದಿ ಎರಡನೇ ಪೋರ್ಟನ್ನು ತಾನೇ ತೆರೆಯುತ್ತಿದ್ದ ಸಹಾಯಕ ಮಾಡ್ಯೂಲ್, ಕರ್ನೆಲ್ 4.7ರಿಂದ ತಾನಾಗಿ ಅಂಟಿಕೊಳ್ಳುವುದಿಲ್ಲ. 21ನೇ ಪೋರ್ಟಿಗೆ ಆ ಸಹಾಯಕವನ್ನು ನಿಯಮ ಬರೆದು ಹಚ್ಚಬೇಕು. ಅದಕ್ಕಿಂತ ಸರಳ ಉಪಾಯ: ಸರ್ವರಿನಲ್ಲಿ ಪ್ಯಾಸಿವ್ ಪೋರ್ಟುಗಳನ್ನು 50000ದಿಂದ 50020ರವರೆಗೆ ಕಟ್ಟಿಹಾಕಿ, ಅಷ್ಟನ್ನೇ ಫೈರ್‌ವಾಲಿನಲ್ಲಿ ತೆರೆಯುವುದು.

ಇನ್ನೊಂದು ಕಾಟ ಆಸ್ಕಿ ವಿಧಾನ. ಪಠ್ಯ ಕಡತದ ಸಾಲುಕೊನೆಗಳನ್ನು ಹೊಂದಿಸಲು ಮಾಡಿದ ಈ ವಿಧಾನದಲ್ಲಿ ಚಿತ್ರವನ್ನೋ ಜಿಪ್ಪನ್ನೋ ಕಳಿಸಿದರೆ ಒಳಗಿರುವ 13, 10 ಬೈಟುಗಳು ಬದಲಾಗಿ ಕಡತ ಹಾಳಾಗುತ್ತದೆ. ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟು 137, 80, 78, 71, 13, 10, 26, 10. ಈ ಸಾಲಿನಲ್ಲಿ 13, 10 ಇಟ್ಟಿರುವುದೇ ಇಂಥ ಹಾನಿಯನ್ನು ಕೂಡಲೇ ಹಿಡಿಯಲು. ತೆರೆಯದ ಪಿಎನ್‌ಜಿಯನ್ನು ಹೆಕ್ಸ್ ಎಡಿಟರಿನಲ್ಲಿ ನೋಡಿ, 71ರ (ಹೆಕ್ಸ್‌ನಲ್ಲಿ 47) ಪಕ್ಕದಲ್ಲಿ 13 (ಹೆಕ್ಸ್‌ನಲ್ಲಿ 0D) ಕಾಣೆಯಾಗಿದ್ದರೆ ತನಿಖೆ ಮುಗಿಯಿತು: ವರ್ಗಾವಣೆಯನ್ನು ಬೈನರಿಗೆ ಬದಲಿಸಿ ಮತ್ತೆ ಕಳಿಸಿ.

ಈಗ ಬೇಲಿ ಕಟ್ಟುವ ಕೆಲಸ. ಎರಡು ಈಥರ್ನೆಟ್ ಕಿಂಡಿಗಳಿರುವ ಒಂದು ಹಳೆಯ ಡೆಸ್ಕ್‌ಟಾಪ್ ಸಾಕು, ಅದರ ಮೇಲೆ ಡೆಬಿಯನ್. ಒಂದು ಕಿಂಡಿ ಕಚೇರಿಯ ಜಾಲಕ್ಕೆ, ಇನ್ನೊಂದು ಕಿಂಡಿ ಕಾಪಿಯರಿಗೆ ಮಾತ್ರ. ಕಾಪಿಯರ್ ಬದಿಗೆ 192.168.50.1 ಎಂಬಂಥ ಪ್ರತ್ಯೇಕ ವಿಳಾಸ ಕೊಡಿ. ಆ ಬದಿಗೆ ಗೇಟ್‌ವೇ ಕೊಡಬೇಡಿ, ಡಿಎನ್‌ಎಸ್ ಕೊಡಬೇಡಿ, ಐಪಿ ಫಾರ್ವರ್ಡಿಂಗ್ ಸೊನ್ನೆಯಲ್ಲಿರಲಿ. ಇಷ್ಟಾದರೆ ಕಾಪಿಯರಿಗೆ ಈ ಪೆಟ್ಟಿಗೆ ಬಿಟ್ಟು ಬೇರೆ ಲೋಕವಿಲ್ಲ, ಕಚೇರಿಯ ಯಾವ ಗಣಕವೂ ಹಳೆಯ ಪ್ರೊಟೊಕಾಲ್ ಮಾತಾಡಬೇಕಿಲ್ಲ.

ಪೆಟ್ಟಿಗೆಯೊಳಗೆ ಸಾಂಬಾ, ಲಿನಕ್ಸಿನಲ್ಲಿ ಎಸ್‌ಎಂಬಿ ಆಡುವ ಮುಕ್ತ ತಂತ್ರಾಂಶ. 2019ರ ಸಾಂಬಾ 4.11ರಿಂದ ಎಸ್‌ಎಂಬಿ 1 ತಾನಾಗಿ ಆರಿರುತ್ತದೆ, ಆದರೆ ಕೋಡ್ ಇದೆ. ಗ್ಲೋಬಲ್ ವಿಭಾಗದಲ್ಲಿ ಸರ್ವರ್ ಮಿನ್ ಪ್ರೊಟೊಕಾಲ್ ಸಾಲಿಗೆ ಎನ್‌ಟಿ1 (ಎಸ್‌ಎಂಬಿ 1ಕ್ಕೆ ಸಾಂಬಾದಲ್ಲಿರುವ ಹೆಸರು) ಎಂದು ಕೊಟ್ಟರೆ ತೆರೆಯುತ್ತದೆ. ಈ ಸಾಲು ಇಡೀ ಸರ್ವರಿಗೆ ಅನ್ವಯಿಸುತ್ತದೆ, ಒಂದು ಷೇರ್‌ಗೆ ಮಾತ್ರ ಕೊಡಲು ಬರುವುದಿಲ್ಲ. ಮುಖ್ಯ ಕಡತ ಸರ್ವರಿನಲ್ಲಿ ಇದನ್ನು ಮಾಡಬಾರದೆಂದು, ಬೇರೆ ಪೆಟ್ಟಿಗೆಯೇ ಬೇಕೆಂದು ನಾವು ಒತ್ತಿ ಹೇಳುವುದು ಅದಕ್ಕೆ. ಜೊತೆಗೆ ಇಂಟರ್‌ಫೇಸಸ್ ಸಾಲಿನಲ್ಲಿ ಕಾಪಿಯರ್ ಬದಿಯ ಕಿಂಡಿಯನ್ನಷ್ಟೇ ಹೆಸರಿಸಿ, ಬೈಂಡ್ ಇಂಟರ್‌ಫೇಸಸ್ ಓನ್ಲಿ ಸಾಲನ್ನು ‘ಯೆಸ್’ ಮಾಡಿ. ಇದು ಮರೆತರೆ ಕಚೇರಿಯ ಬದಿಗೂ ಎಸ್‌ಎಂಬಿ 1 ತೆರೆದುಕೊಳ್ಳುತ್ತದೆ, ಬೇಲಿ ಕಟ್ಟಿ ಬಾಗಿಲು ಹಾರುಹೊಡೆದಂತೆ. ಹೋಸ್ಟ್ಸ್ ಅಲೋ ಸಾಲಿನಲ್ಲಿ ಕಾಪಿಯರಿನ ಒಂದೇ ವಿಳಾಸ ಇರಲಿ.

ಲಾಗಿನ್ ಇಷ್ಟಕ್ಕೂ ಆಗದಿದ್ದರೆ ಯಂತ್ರಕ್ಕೆ ಎನ್‌ಟಿಎಲ್‌ಎಂ ಎಂಬ ಗುಪ್ತಪದ ಪರಿಶೀಲನೆಯ ಎರಡನೇ ಆವೃತ್ತಿ ಬಾರದಿರಬಹುದು. ಎನ್‌ಟಿಎಲ್‌ಎಂ ಆಥ್ ಸಾಲಿಗೆ ಎನ್‌ಟಿಎಲ್‌ಎಂವಿ1-ಪರ್ಮಿಟೆಡ್ ಎಂದು ಕೊಟ್ಟು ನೋಡಿ, ಬೇಕಾಗದಿದ್ದರೆ ತಪ್ಪದೆ ತೆಗೆಯಿರಿ. ಆ ಮೊದಲ ಆವೃತ್ತಿಯಲ್ಲಿ ಕಳಿಸಿದ ಗುಪ್ತಪದವನ್ನು ಹಿಡಿದವರು ಬಿಡಿಸಬಲ್ಲರು. ಆದ್ದರಿಂದ ಕಾಪಿಯರಿನ ಖಾತೆಗೆ ಶೆಲ್ ಇರಬಾರದು, ಅದರ ಗುಪ್ತಪದ ಕಚೇರಿಯ ಬೇರೆಲ್ಲೂ ಬಳಕೆಯಲ್ಲಿರಬಾರದು.

ಕಾಪಿಯರಿಗೆ ಎಸ್‌ಎಂಬಿ, ಎಫ್‌ಟಿಪಿ ಎರಡೂ ಬರುವುದಾದರೆ ಈ ಪೆಟ್ಟಿಗೆಯ ಮಟ್ಟಿಗೆ ನಾವು ಎಫ್‌ಟಿಪಿಯನ್ನೇ ಆರಿಸುತ್ತೇವೆ. ಗುಪ್ತಪದ ಮರೆಮಾಚದೆ ಹೋಗುವುದು ಒಂದೇ ಕೇಬಲಿನ ಮೇಲೆ. ವಿಎಸ್‌ಎಫ್‌ಟಿಪಿಡಿಯಂಥ ಸರ್ವರಿನ ಕೋಡ್ ಚಿಕ್ಕದು, ಅಧಿಕಾರಗಳನ್ನು ಹಂಚಿಕೊಂಡು ಓಡುತ್ತದೆ. ಅಲ್ಲಿ ಎಲ್ಲರೂ ಮೊದಲು ಎಡವುವುದು ‘500 ಊಪ್ಸ್’ ಎಂದು ಶುರುವಾಗುವ ದೋಷಕ್ಕೆ: ಬಂಧಿತ ಮೂಲ ಡೈರೆಕ್ಟರಿ ಬರೆಯಲು ಬರುವಂತಿದೆ, ಓಡುವುದಿಲ್ಲ ಎಂದು ಅದು ಹೇಳುತ್ತದೆ. ಅದನ್ನು ಮೀರಲು ಆಯ್ಕೆಯೊಂದಿದೆ, ಬಳಸಬೇಡಿ. ಮೂಲ ಡೈರೆಕ್ಟರಿಯ ಬರೆಯುವ ಅನುಮತಿ ತೆಗೆದು, ಅದರೊಳಗೆ ‘ಒಳಬಂದದ್ದು’ ಎಂಬಂಥ ಉಪಡೈರೆಕ್ಟರಿ ಮಾಡಿ ಅದಕ್ಕೆ ಮಾತ್ರ ಅನುಮತಿ ಕೊಡಿ. ಕನ್ನಡದ ಹೆಸರು ಬಾರದ ಯಂತ್ರವಾದರೆ ಇಂಗ್ಲಿಷ್ ಅಕ್ಷರದ ಹೆಸರಿಡಿ.

ಪೆಟ್ಟಿಗೆಯಿಂದ ಮುಂದಕ್ಕೆ ಕಳಿಸುವಲ್ಲಿ ಮೂರು ಕಡೆ ಕೆಡುತ್ತದೆ. ಕಡತ ಪೂರ್ತಿ ಬಂತೇ ಎಂದು ಹಳೆಯ ಪ್ರೊಟೊಕಾಲ್‌ಗಳು ನಂಬುವಂತೆ ಹೇಳುವುದಿಲ್ಲ. ಲಿನಕ್ಸಿನ ಐನೋಟಿಫೈ ಮೂಲಕ ‘ಬರೆದು ಮುಚ್ಚಲಾಯಿತು’ ಎಂಬ ಸಂಕೇತ ಕಾಯುವುದು ವಾಡಿಕೆ, ಆದರೆ ನಡುವೆ ಕೇಬಲ್ ಕಿತ್ತುಹೋಗಿ ಸರ್ವರ್ ಕಡತ ಮುಚ್ಚಿದರೂ ಅದೇ ಸಂಕೇತ ಬರುತ್ತದೆ. ಪಿಡಿಎಫ್ ಆದರೆ ಕೊನೆಯ ಒಂದು ಕಿಲೋಬೈಟಿನಲ್ಲಿ ಎರಡು ಶೇಕಡಾ ಚಿಹ್ನೆ ಮತ್ತು ಇಒಎಫ್ ಎಂಬ ಮೂರಕ್ಷರದ ಗುರುತಿದೆಯೇ ನೋಡಿ, ಇದ್ದರೆ ಮಾತ್ರ ಮುಂದಕ್ಕೆ ಕಳಿಸಿ. ಎರಡನೆಯದು ಹೆಸರು. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಕಾಪಿಯರ್‌ಗಳು ಎಣಿಕೆಯನ್ನು 0001ರಿಂದ ಮತ್ತೆ ಶುರುಮಾಡುತ್ತವೆ, ನಿನ್ನೆಯ ಕಡತದ ಮೇಲೆ ಇಂದಿನದು ಕೂರುತ್ತದೆ. ಪೆಟ್ಟಿಗೆ ಮುಟ್ಟಿದೊಡನೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಸೇರಿಸಿ ಹೆಸರು ಬದಲಿಸಿ. ಆ ಹೊತ್ತನ್ನು ಪೆಟ್ಟಿಗೆಯ ಗಡಿಯಾರದಿಂದ ತೆಗೆದುಕೊಳ್ಳಿ, ಕಾಪಿಯರಿನದನ್ನು ನಂಬಬೇಡಿ. ಮೂರನೆಯದು ಮುಖ್ಯ ಸರ್ವರಿಗೆ ಹೋಗುವ ಹಂತ. ಎಸ್‌ಎಫ್‌ಟಿಪಿಯಲ್ಲಿ ತಾತ್ಕಾಲಿಕ ಹೆಸರಿನಿಂದ ಕಳಿಸಿ, ಎರಡೂ ಬದಿಯ ಚೆಕ್‌ಸಮ್ ಹೊಂದಿದ ಮೇಲೆ ನಿಜ ಹೆಸರಿಗೆ ಬದಲಿಸಿ, ಪೆಟ್ಟಿಗೆಯ ಪ್ರತಿಯನ್ನು ಏಳು ದಿನ ಇಟ್ಟುಕೊಂಡು ಆಮೇಲೆ ಅಳಿಸಿ. ಕಡತಗಳಿಗೆ ಪ್ರತ್ಯೇಕ ಪಾರ್ಟಿಷನ್ ಇರಲಿ, ಅದು ತುಂಬಿದರೂ ಪೆಟ್ಟಿಗೆ ನಿಲ್ಲುವುದಿಲ್ಲ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಉಳಿಸಲು ಹೇಳಿದೆ. ಕಾಪಿಯರುಗಳಲ್ಲಿ ಅದಕ್ಕೆ ಅನುಕೂಲವಿಲ್ಲ, ಈ ಪೆಟ್ಟಿಗೆಯಲ್ಲಿ ಇದೆ.

ಕನ್ನಡಕ್ಕೇ ಸೇರಿದ ತೊಡಕೊಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬೇರೆ ಯಾರೂ ನಮ್ಮ ಪರವಾಗಿ ಇದನ್ನು ಹೇಳುವುದಿಲ್ಲ. ಯೂನಿಕೋಡ್ ಬಾರದ ಯಂತ್ರಗಳು 437, 850 ಎಂಬ ಕೋಡ್‌ಪೇಜ್‌ಗಳಲ್ಲಿ ಹೆಸರು ಬರೆಯುತ್ತವೆ. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ‘ಪಹಣಿ’ ನಾಲ್ಕು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಂಡೋಸ್ ಕಡತದ ಹೆಸರಿನಲ್ಲಿ ಆ ಚಿಹ್ನೆ ನಿಷಿದ್ಧವಾದ್ದರಿಂದ ನಕಲೇ ನಿಲ್ಲುವುದೂ ಉಂಟು. ಎಫ್‌ಟಿಪಿಗೆ ಯುಟಿಎಫ್-8 ಹೆಸರುಗಳು ಬಂದದ್ದು 1999ರ ಆರ್‌ಎಫ್‌ಸಿ 2640ರಲ್ಲಿ, ಅದಕ್ಕೆ ಮುಂಚಿನ ರೀತಿಯಲ್ಲೇ ಓಡುವ ಯಂತ್ರಗಳು ಇನ್ನೂ ಇವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಲಿನಕ್ಸಿನ ಎಕ್ಸ್ಟ್4 ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟು, ಅಂದರೆ ಕನ್ನಡದಲ್ಲಿ 85 ಸಂಕೇತ. ಇಂಗ್ಲಿಷಿನಲ್ಲಿ ಸುಲಭವಾಗಿ ಹಿಡಿಸುವ ಉದ್ದನೆಯ ವಿಷಯಸೂಚಿ ಕನ್ನಡದಲ್ಲಿ ತುಂಡಾಗುತ್ತದೆ.

ಹಳೆಯ ಮ್ಯಾಕ್‌ಗಳಿರುವ ಮುದ್ರಣಾಲಯಗಳಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ‘ಕೋಲಾರ’ ಎಂಬ ಹೆಸರು ಸಾಮಾನ್ಯವಾಗಿ ಐದು ಸಂಕೇತ, 15 ಬೈಟು. ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಡುತ್ತದೆ: ‘ಕೋ’ದಲ್ಲಿರುವ ಓತ್ವ ಅಲ್ಲಿ ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳಾಗಿ ಒಡೆದು ಹೆಸರು ಏಳು ಸಂಕೇತ, 21 ಬೈಟಾಗುತ್ತದೆ. ಕಣ್ಣಿಗೆ ಎರಡೂ ‘ಕೋಲಾರ’ವೇ. ಲಿನಕ್ಸ್ ಸರ್ವರಿಗೆ ಅವು ಎರಡು ಬೇರೆ ಕಡತ. ಬ್ಯಾಕಪ್ ಎರಡೆರಡಾಗುತ್ತದೆ, ಹುಡುಕಿದರೆ ಒಂದು ಸಿಗುತ್ತದೆ, ತಿದ್ದಿದ್ದು ಇನ್ನೊಂದರಲ್ಲಿರುತ್ತದೆ. ಕಡತ ನಕಲಿಸುವ ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಲ್ಲಿ ಯುಟಿಎಫ್-8-ಮ್ಯಾಕ್‌ನಿಂದ ಯುಟಿಎಫ್-8ಕ್ಕೆ ಎಂದು ಕೊಟ್ಟರೆ ಸರಿಹೋಗುತ್ತದೆ. ನೆಟಾಟಾಕ್ ಈ ಪರಿವರ್ತನೆಯನ್ನು ತಾನೇ ಮಾಡುತ್ತದೆ. ಇಂಥ ಕೋಡಿಗೆ ಕನ್ನಡದ ಹೆಸರುಗಳಿರುವ ಪರೀಕ್ಷೆಗಳನ್ನು ಬರೆದುಕೊಡುವುದು ನಮ್ಮ ರಾಜ್ಯದಿಂದಲೇ ಆಗಬೇಕಾದ ಕೆಲಸ.

ಕಚೇರಿಯ ಹೊರಗೂ ಇದೇ ಸಮಸ್ಯೆ. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಇಪ್ಪತ್ತೈದು ವರ್ಷ ಹಳೆಯ ಸಿಎನ್‌ಸಿ ಯಂತ್ರ ಇಂದಿಗೂ ಮೈಕ್ರಾನ್ ಲೆಕ್ಕದಲ್ಲಿ ಕಡೆಯುತ್ತದೆ, ಅದನ್ನು ಗುಜರಿಗೆ ಹಾಕುವ ಮಾಲೀಕರಿಲ್ಲ. ಪ್ರೋಗ್ರಾಮ್ ಹೋಗುವುದು ಆರ್‌ಎಸ್-232 ಕೇಬಲಿನಲ್ಲಿ: 4800 ಬಾಡ್, 7 ಡೇಟಾ ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್ ಬಿಟ್ ಸಾಮಾನ್ಯ ಹೊಂದಾಣಿಕೆ. ಸ್ಟಾರ್ಟ್ ಬಿಟ್ ಸೇರಿ ಪ್ರತಿ ಅಕ್ಷರಕ್ಕೆ 11 ಬಿಟ್, ಸೆಕೆಂಡಿಗೆ ಸುಮಾರು 436 ಅಕ್ಷರ. ಐದು ಲಕ್ಷ ಅಕ್ಷರದ ಪ್ರೋಗ್ರಾಮಿಗೆ 19 ನಿಮಿಷ. ಯಂತ್ರದ ಬಫರ್ ತುಂಬಿದಾಗ ಅದು 19ನೇ ಸಂಕೇತ ಕಳಿಸಿ ‘ನಿಲ್ಲು’ ಎನ್ನುತ್ತದೆ, ಜಾಗವಾದಾಗ 17ನೇ ಸಂಕೇತ ಕಳಿಸಿ ‘ಹೊರಡು’ ಎನ್ನುತ್ತದೆ. ಅಗ್ಗದ ಯುಎಸ್‌ಬಿ ಅಡಾಪ್ಟರ್ ‘ನಿಲ್ಲು’ ಬಂದ ಮೇಲೂ ತನ್ನ ಹೊಟ್ಟೆಯಲ್ಲಿರುವುದನ್ನು ಕಕ್ಕುತ್ತಲೇ ಇರುತ್ತದೆ. ಫ್ಯಾನುಕ್ ನಿಯಂತ್ರಕದಲ್ಲಿ ಆಗ ಬಫರ್ ಉಕ್ಕಿದೆ ಎಂಬ 087 ಅಲಾರಂ ಬರುತ್ತದೆ. ಬಾಡ್ ಇಳಿಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ‘ನಿಲ್ಲು, ಹೊರಡು’ಗಳನ್ನು ಚಿಪ್ಪಿನಲ್ಲೇ ಪಾಲಿಸುವ ಅಡಾಪ್ಟರ್ ಹಾಕಿದರೆ ಹೋಗುತ್ತದೆ. ಯಂತ್ರದ ಪಕ್ಕದಲ್ಲಿ ಒಂದು ಪುಟ್ಟ ಲಿನಕ್ಸ್ ಬೋರ್ಡ್, ಅದರ ಒಂದು ಬದಿ ಸೀರಿಯಲ್, ಇನ್ನೊಂದು ಬದಿ ಎಸ್‌ಎಫ್‌ಟಿಪಿ: ಕಾಪಿಯರಿಗೆ ಕಟ್ಟಿದ ಬೇಲಿಯೇ ಇಲ್ಲಿಯದೂ.

ನೆಟ್‌ವರ್ಕ್ ಸಾಮಗ್ರಿಗೂ ಹಳೆಯ ಪ್ರೊಟೊಕಾಲುಗಳೇ ಕೊನೆಯ ಆಸರೆ. ಫರ್ಮ್‌ವೇರ್ ಕೆಟ್ಟ ಸ್ವಿಚ್ಚನ್ನು ಎಬ್ಬಿಸುವುದು ಟಿಎಫ್‌ಟಿಪಿ ಎಂಬ ಸರಳ ಪ್ರೊಟೊಕಾಲ್, ಅದೂ ಆಗದಿದ್ದರೆ ಕನ್ಸೋಲ್ ಕೇಬಲಿನ ಮೇಲೆ ಎಕ್ಸ್‌ಮೋಡೆಮ್. ಟಿಎಫ್‌ಟಿಪಿಯಲ್ಲಿ 512 ಬೈಟಿನ ತುಂಡು, 16 ಬಿಟ್ಟಿನ ತುಂಡುಸಂಖ್ಯೆ. 65,535 ತುಂಡಿಗೆ ಎಣಿಕೆ ಮುಗಿದು ಸುಮಾರು 32 ಎಂಬಿ ಆಚೆಗೆ ಹಳೆಯ ಯಂತ್ರ ನಿಲ್ಲುತ್ತದೆ. ಎರಡೂ ಬದಿ ದೊಡ್ಡ ತುಂಡಿನ ಆಯ್ಕೆಗೆ ಒಪ್ಪಿದರೆ ಮಾತ್ರ ಇದು ದಾಟುತ್ತದೆ. 9600 ಬಾಡ್ ಕನ್ಸೋಲಿನಲ್ಲಿ 10 ಎಂಬಿ ಫರ್ಮ್‌ವೇರಿಗೆ ಹತ್ತಿರ ಹತ್ತಿರ ಮೂರು ಗಂಟೆ ಬೇಕು, ತಾಳ್ಮೆಗೆಟ್ಟು ನಡುವೆ ಆರಿಸಬೇಡಿ. ಲಿನಕ್ಸಿನಲ್ಲಿ ಎಕ್ಸ್‌ಮೋಡೆಮ್, ಜೆಡ್‌ಮೋಡೆಮ್‌ಗೆ ಎಲ್ಲರೂ ನೆಚ್ಚಿರುವ ಎಲ್‌ಆರ್‌ಜೆಡ್‌ಎಸ್‌ಜೆಡ್‌ನ ಕೊನೆಯ ಬಿಡುಗಡೆ 1998ರದು. ಅಂದಿನಿಂದ ಅದನ್ನು ಬದುಕಿಸಿರುವುದು ಲಿನಕ್ಸ್ ವಿತರಣೆಗಳ ಸ್ವಯಂಸೇವಕರು ಹಾಕುತ್ತ ಬಂದಿರುವ ತೇಪೆಗಳು.

ಈ ಸಾಲು ಇಲ್ಲಿಗೇ ನಿಲ್ಲುವುದಿಲ್ಲ. ವಿಎಸ್‌ಎಫ್‌ಟಿಪಿಡಿಯ 3.0.5 ಬಂದದ್ದು 2021ರಲ್ಲಿ. ಪೈಥಾನ್ 3.12 ತನ್ನ ಎರಡು ಹಳೆಯ ಮಾಡ್ಯೂಲುಗಳನ್ನು 2023ರಲ್ಲಿ ತೆಗೆದಾಗ, ಅವುಗಳ ಮೇಲೆ ನಿಂತಿದ್ದ ಪೈಎಫ್‌ಟಿಪಿಡಿಲಿಬ್ ಎಂಬ ಎಫ್‌ಟಿಪಿ ಸರ್ವರಿನ ಕಾಲಡಿಯ ನೆಲವೇ ಸರಿಯಿತು. ಅದೇ ಮಾಡ್ಯೂಲುಗಳನ್ನು ಹೊರಗಿನ ಪ್ಯಾಕೇಜಾಗಿ ಉಳಿಸಿಕೊಂಡು ನಿಲ್ಲಿಸಬೇಕಾಯಿತು. ಜಾಲದಲ್ಲಿ ಕಡತ ತರುವ, ಕಳಿಸುವ ಕರ್ಲ್ ತಂತ್ರಾಂಶ ಮಾತ್ರ ಈ ವಿಷಯದಲ್ಲಿ ಗಟ್ಟಿ: ತನ್ನ ಪರೀಕ್ಷೆಗೆಂದೇ ಒಂದು ಎಫ್‌ಟಿಪಿ ಸರ್ವರನ್ನು ಒಳಗೆ ಇಟ್ಟುಕೊಂಡಿದೆ, ಹಳೆಯ ಕೋಡಿನಲ್ಲಿ ಸಿಕ್ಕ ದೋಷವನ್ನು ತಿದ್ದುತ್ತದೆ. 227 ಉತ್ತರದಲ್ಲಿ ಬರುವ ವಿಳಾಸವನ್ನು ನಂಬಿದರೆ ಕೆಟ್ಟ ಸರ್ವರ್ ನಮ್ಮನ್ನು ಬೇರೆಡೆ ಹೊರಳಿಸಬಹುದೆಂದು ಗೊತ್ತಾದಾಗ, 2020ರ ಡಿಸೆಂಬರಿನ 7.74.0ರಿಂದ ಅದು ಆ ವಿಳಾಸವನ್ನು ಕಡೆಗಣಿಸಿ ಮೊದಲ ಸಂಪರ್ಕದ ವಿಳಾಸಕ್ಕೇ ಹೋಗುತ್ತದೆ. ಕೋಡ್ ಉಳಿಸಿ ಎಂದರೆ ಹೀಗೆ ತಿದ್ದುತ್ತ ಉಳಿಸಿ ಎಂದು. ತಿದ್ದುವ ಕೈಗಳಿಗೆ ಜರ್ಮನಿ ಸರ್ಕಾರದ ಹಣದಿಂದ ನಡೆಯುವ ಸಾವರಿನ್ ಟೆಕ್ ಫಂಡ್ ನೆರವಾಗುತ್ತಿದೆ, ಕರ್ಲ್, ಸಾಂಬಾ ಎರಡಕ್ಕೂ ಕೊಟ್ಟಿದೆ. ನಮ್ಮಲ್ಲೂ ಬೆಂಗಳೂರಿನ ಝೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಫ್ಲಾಸ್ ಫಂಡ್ ಶುರುಮಾಡಿದೆ. 2015ರ ಕೇಂದ್ರ ನೀತಿ ಸರ್ಕಾರಿ ಖರೀದಿಯಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಬಳಸುವವರು ಕಾಯಲೂ ಪಾಲು ಕೊಡಬೇಕಾದುದು ನ್ಯಾಯ.

ಇಲಾಖೆಯಿಂದ ನಾವು ಬಯಸುವುದು ಇವು. ಮೊದಲು ಎಣಿಕೆ: ಪ್ರತಿ ಕಚೇರಿಯ ಜಾಲದಲ್ಲಿ, ಜಾಲ ಶೋಧಿಸುವ ಎನ್‌ಮ್ಯಾಪ್ ತಂತ್ರಾಂಶದ ಎಸ್‌ಎಂಬಿ-ಪ್ರೊಟೊಕಾಲ್ಸ್ ಸ್ಕ್ರಿಪ್ಟನ್ನು 445ನೇ ಪೋರ್ಟಿನ ಮೇಲೆ ಓಡಿಸಿದರೆ ಯಾವ ಗಣಕ ಎಸ್‌ಎಂಬಿ 1 ತೆರೆದಿಟ್ಟಿದೆ ಎಂದು ತಿಳಿಯುತ್ತದೆ. ಸಾಂಬಾ ಇರುವಲ್ಲಿ ಎಸ್‌ಎಂಬಿಸ್ಟೇಟಸ್ ಆಜ್ಞೆ ಯಾವ ಯಂತ್ರ ಯಾವ ಆವೃತ್ತಿ ಆಡುತ್ತಿದೆ ಎಂದು ಸಂಪರ್ಕದ ಪಕ್ಕದಲ್ಲೇ ತೋರಿಸುತ್ತದೆ. ಹೀಗೆ ಸಿಕ್ಕ ಯಂತ್ರಗಳಿಗೆ ಮೇಲೆ ಹೇಳಿದ ಪೆಟ್ಟಿಗೆಯ ಸಿದ್ಧ ಡಿಸ್ಕ್ ಇಮೇಜನ್ನು ಇಲಾಖೆಯೇ ಮಾಡಿ, ಕನ್ನಡದ ಕೈಪಿಡಿಯೊಂದಿಗೆ ಹಂಚಲಿ.

ಹೊಸ ಖರೀದಿಯ ಟೆಂಡರಿನಲ್ಲಿ ಒಪ್ಪಿಗೆ ಪರೀಕ್ಷೆ ಬರೆಯಿರಿ. ಸಾಂಬಾದಲ್ಲಿ ಸರ್ವರ್ ಮಿನ್ ಪ್ರೊಟೊಕಾಲ್ ಎಸ್‌ಎಂಬಿ3, ಸರ್ವರ್ ಸೈನಿಂಗ್ ಮ್ಯಾಂಡೇಟರಿ ಎಂದಿಟ್ಟು, ‘ಕ್ಷೇತ್ರ ಪರಿಶೀಲನೆ’ ಎಂಬ ಹೆಸರಿನ ಫೋಲ್ಡರಿಗೆ 50 ಪುಟ ಸ್ಕ್ಯಾನ್ ಮಾಡಿಸಿ. ಕಡತ ಪೂರ್ತಿ ಬರಬೇಕು, ಹೆಸರು ಅಕ್ಷರಕ್ಕೆ ಅಕ್ಷರ ಉಳಿದಿರಬೇಕು. ಇದು ಅರ್ಧ ಗಂಟೆಯ ಕೆಲಸ. ಇದರಲ್ಲಿ ಸೋತ ಯಂತ್ರವನ್ನು ಒಳಗೆ ತೆಗೆದುಕೊಳ್ಳಬೇಡಿ. ಫರ್ಮ್‌ವೇರ್ ತಿದ್ದುಪಡಿ ಎಷ್ಟು ವರ್ಷ ಬರುತ್ತದೆ ಎಂಬುದನ್ನು ಪೂರೈಕೆದಾರರಿಂದ ಬರಹದಲ್ಲಿ ಪಡೆಯಿರಿ, ಏಳು ವರ್ಷಕ್ಕಿಂತ ಕಡಿಮೆಯಾದರೆ ಒಪ್ಪಬೇಡಿ.

ಕೊನೆಯದು ಹಣವಿಲ್ಲದೆಯೂ ನಾಳೆಯೇ ಶುರುಮಾಡಬಹುದಾದದ್ದು. ಮುಕ್ತ ತಂತ್ರಾಂಶದವರು ಹಳೆಯ ಪ್ರೊಟೊಕಾಲ್ ತೆಗೆಯಲು ಮುಂದಾಗುವುದರ ದೊಡ್ಡ ಕಾರಣ, ಪರೀಕ್ಷಿಸಲು ಅವರ ಬಳಿ ಹಳೆಯ ಯಂತ್ರಗಳಿಲ್ಲದಿರುವುದು. ನಮ್ಮ ಕಚೇರಿಗಳು ವರ್ಷವರ್ಷ ಅವನ್ನೇ ಇ-ತ್ಯಾಜ್ಯಕ್ಕೆ ಹಾಕುತ್ತವೆ. ಹಾಕುವ ಮುನ್ನ ಪ್ರತಿ ಮಾದರಿಯ ಒಂದನ್ನು ತೆಗೆದು, ಒಳಗಿನ ಹಾರ್ಡ್ ಡಿಸ್ಕ್ ಅಳಿಸಿ, ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಕೋಣೆಯಲ್ಲಿ ಸಾಲಾಗಿ ಇಡಿ. ನಕಲಿ ಹೆಸರು, ನಕಲಿ ಗುಪ್ತಪದ, ಖಾಲಿ ಹಾಳೆ ಬಳಸಿ ಸ್ಕ್ಯಾನ್ ಮಾಡಿಸಿ, ಆ ಮಾತುಕತೆಯನ್ನು ವೈರ್‌ಶಾರ್ಕ್‌ನಲ್ಲಿ ಹಿಡಿದ ಕಡತಗಳನ್ನು ಎಲ್ಲರಿಗೂ ಸಿಗುವಂತೆ ಇಡಿ. ಯಂತ್ರದ ಮಾದರಿ, ಫರ್ಮ್‌ವೇರ್ ಆವೃತ್ತಿ, ಹಿಡಿದ ದಿನಾಂಕ ಜೊತೆಗಿರಲಿ. ಹತ್ತು ಹನ್ನೆರಡು ಮಾದರಿ ಸೇರಿದರೂ ಸಾಂಬಾ ಕಾಯುವವರಿಗೆ ಅದು ದೊಡ್ಡ ನೆರವು. ಆ ಕೋಣೆಯನ್ನು ಸಜ್ಜುಮಾಡಲು, ಪೆಟ್ಟಿಗೆಯ ಇಮೇಜ್ ಕಟ್ಟಲು, ಕೈಪಿಡಿ ಬರೆಯಲು ನಾವು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ,
ಹಳೆಯ ಯಂತ್ರಗಳ ಜಾಲ ನೋಡಿಕೊಳ್ಳುವ ಕೆಲವು ಕನ್ನಡಿಗರು